ಮೆಟ್ಟಿಲಿಲ್ಲದ ಗೋಪುರಗಳು: ಮಾರೋವಿಂಡ್‌ನ ಮಂತ್ರವಿದ್ಯೆಯ ಬಗ್ಗೆ

ಟೆಲ್ವಾನಿ ಮಂತ್ರವಾದಿಗಳ ಮನೆಗೆ ಮೆಟ್ಟಿಲುಗಳಿಲ್ಲ. ದೈತ್ಯ ಅಣಬೆಗಳನ್ನು ಬೆಳೆಸಿ, ಅವುಗಳ ಒಡಲಲ್ಲೇ ಕೋಣೆ ಮಾಡಿಕೊಂಡು ಬದುಕುವ ಜನ ಅವರು. ಕೆಳಗಿನ ಕೋಣೆಗಳಲ್ಲಿ ಆಳುಗಳು, ಗುಲಾಮರು, ಕಾವಲುಗಾರರು. ಯಜಮಾನ ಮಾತ್ರ ತುತ್ತತುದಿಯಲ್ಲಿ. ನಡುವೆ ಇರುವುದು ನೆಟ್ಟಗೆ ಮೇಲೇರುವ ಒಂದು ಖಾಲಿ ಕೊಳವೆ, ಅಷ್ಟೇ. ಯಾವುದೋ ಕೆಲಸ ಹೊತ್ತು ಅವರ ಊರಾದ ಸಾಡ್ರಿತ್ ಮೋರಾಕ್ಕೆ ಬಂದ ಹೊಸ ಆಟಗಾರ ಅಲ್ಲಿ ನಿಂತು ಸುತ್ತಲೂ ಏಣಿ ಹುಡುಕುತ್ತಾನೆ. ಏಣಿ ಸಿಗುವುದಿಲ್ಲ. ಹಾರಲು ಬರುವವನಿಗಷ್ಟೇ ಯಜಮಾನನ ದರ್ಶನ. ಹಾರಲು ಬಾರದವನ ಜೊತೆ ತನಗೇನು ಮಾತು ಎಂಬುದು ಟೆಲ್ವಾನಿಗಳ ಧೋರಣೆ.

ಬೆಥೆಸ್ಡಾ ಕಂಪನಿಯವರು 2002ರಲ್ಲಿ ಹೊರತಂದ ‘ದಿ ಎಲ್ಡರ್ ಸ್ಕ್ರೋಲ್ಸ್ 3: ಮಾರೋವಿಂಡ್’ ಎಂಬ ರೋಲ್ ಪ್ಲೇಯಿಂಗ್ ಗೇಮಿನ ಮಾತಿದು. ಆ ಕಾಲದ ಗೇಮುಗಳ ಪೈಕಿ ಇವತ್ತಿಗೂ ನನ್ನ ಕಂಪ್ಯೂಟರಿನಲ್ಲಿ ಕಾಯಂ ಜಾಗ ಉಳಿಸಿಕೊಂಡಿರುವುದು ಇದೊಂದೇ. ಕಾದಾಟ ನೋಡಲು ಚಂದವಿಲ್ಲ, ಪಾತ್ರಗಳ ನಡಿಗೆ ಮರದ ಗೊಂಬೆಗಳದ್ದು, ಕ್ಲಿಫ್ ರೇಸರ್ ಎಂಬ ಹಾರುವ ಪ್ರಾಣಿಯ ಕಾಟವಂತೂ ಶತ್ರುವಿಗೂ ಬೇಡ. ಆದರೂ ಮತ್ತೆ ಮತ್ತೆ ಮರಳುವುದು ಮಂತ್ರಗಳಿಗಾಗಿ. ಇದರ ಮಂತ್ರವಿದ್ಯೆಯ ಬಗ್ಗೆ ಎಲ್ಲರೂ ಹೇಳುವ ದೂರು ಒಂದೇ: ಹದ ತಪ್ಪಿದೆ, ಯಾರು ಬೇಕಾದರೂ ದೇವರಾಗಿಬಿಡಬಹುದು ಎಂದು. ನನ್ನ ದೂರುಗಳು ಬೇರೆ. ಅವಕ್ಕೆ ಬರುವ ಮೊದಲು ಇಲ್ಲಿ ಏನು ಚೆನ್ನಾಗಿದೆ ಎಂಬುದನ್ನು ಹೇಳಿಬಿಡುತ್ತೇನೆ.

ಸಾಮಾನ್ಯವಾಗಿ ಗೇಮುಗಳಲ್ಲಿ ಮಂತ್ರವೆಂದರೆ ಬಣ್ಣ ಬಣ್ಣದ ಬಾಣ. ಬೆಂಕಿಯ ಉಂಡೆ, ಮಂಜಿನ ಉಂಡೆ, ಮಿಂಚಿನ ಉಂಡೆ. ಗುರಿಯಿಟ್ಟು ಎಸೆದರೆ ಎದುರಿನವನ ಆರೋಗ್ಯ ಇಳಿಯುತ್ತದೆ. ಮಾರೋವಿಂಡ್‌ನಲ್ಲೂ ಇವೆಲ್ಲ ಇವೆ, ಆದರೆ ಅವು ಆರು ಶಾಖೆಗಳಲ್ಲಿ ಒಂದಾದ ಡಿಸ್ಟ್ರಕ್ಷನ್‌ಗೆ ಸೇರಿದವು. ಉಳಿದ ಐದು ಶಾಖೆಗಳಿಗೆ ಬೇರೆ ಬೇರೆ ಚಿಂತೆಗಳಿವೆ. ನೀರಿನ ಮೇಲೆ ನಡೆಯುವುದು, ನೀರೊಳಗೆ ಉಸಿರಾಡುವುದು, ಬೀಗ ತೆರೆಯುವುದು, ಬೀಗ ಹಾಕುವುದು, ದೂರದ ವಸ್ತುವನ್ನು ನಿಂತಲ್ಲಿಂದಲೇ ಎತ್ತಿಕೊಳ್ಳುವುದು, ಹೊರೆ ಹಗುರ ಮಾಡಿಕೊಳ್ಳುವುದು, ಜಗಳಗಂಟ ಅಂಗಡಿಯವನಿಗೆ ಕ್ಷಣಕಾಲ ನಮ್ಮ ಮೇಲೆ ಪ್ರೀತಿ ಹುಟ್ಟಿಸುವುದು. ಇವು ಯುದ್ಧಕ್ಕೆ ಬೇಕಾದ ವಿದ್ಯೆಗಳಲ್ಲ, ಒಂದು ಊರಿನಲ್ಲಿ ಬದುಕಲು ಬೇಕಾದ ವಿದ್ಯೆಗಳು. ಒಂದೇ ಒಂದು ಬೆಂಕಿಯುಂಡೆಯನ್ನೂ ಎಸೆಯದೆ ಇಡೀ ಆಟವನ್ನು ಮಂತ್ರವಾದಿಯಾಗಿ ಆಡಬಹುದು. ನಾನು ಹೆಚ್ಚಾಗಿ ಆಡುವುದೂ ಹಾಗೆಯೇ.

ಆಟ ನಡೆಯುವ ವಾರ್ಡೆನ್‌ಫೆಲ್ ದ್ವೀಪದಲ್ಲಿ ನಕ್ಷೆಯ ಮೇಲೆ ಬೆರಳಿಟ್ಟು ಬೇಕಾದಲ್ಲಿಗೆ ಜಿಗಿಯುವ ಸೌಲಭ್ಯವಿಲ್ಲ. ಸಿಲ್ಟ್ ಸ್ಟ್ರೈಡರ್ ಎಂಬ ಮಹಾಕೀಟದ ಬೆನ್ನೇರಿ, ದೋಣಿ ಹತ್ತಿ, ಇಲ್ಲವೇ ಮೇಜಸ್ ಗಿಲ್ಡ್ ಎಂಬ ಮಂತ್ರವಾದಿಗಳ ಸಂಘದ ಮಾರ್ಗದರ್ಶಿಗೆ ಕಾಸು ಕೊಟ್ಟು ಊರಿಂದೂರಿಗೆ ಹೋಗಬೇಕು. ಈ ಸಾರಿಗೆಯ ಸಂದುಗಳಲ್ಲಿ ಮಂತ್ರಗಳು ಬಂದು ಕೂರುತ್ತವೆ. ಆಲ್ಮ್‌ಸಿವಿ ಇಂಟರ್ವೆನ್ಷನ್ ಪಠಿಸಿದರೆ ಹತ್ತಿರದ ಟ್ರಿಬ್ಯೂನಲ್ ದೇಗುಲ, ಡಿವೈನ್ ಇಂಟರ್ವೆನ್ಷನ್ ಪಠಿಸಿದರೆ ಹತ್ತಿರದ ಇಂಪೀರಿಯಲ್ ಕೋಟೆಯ ಪೂಜಾಸ್ಥಳ. ಮಾರ್ಕ್ ಎಂಬುದರಿಂದ ಒಂದು ಜಾಗವನ್ನು ಗುರುತಿಟ್ಟುಕೊಂಡು ರೀಕಾಲ್ ಎಂಬುದರಿಂದ ಅಲ್ಲಿಗೆ ಮರಳಬಹುದು. ಗುರುತು ಒಂದೇ ಒಂದು ಎನ್ನುವುದರಲ್ಲಿ ಇದರ ಸೊಗಸಿದೆ. ಗವಿಯ ತಳದಲ್ಲಿ ಹೊರಲಾರದಷ್ಟು ನಿಧಿ ಸಿಕ್ಕಿದೆ. ಗುರುತನ್ನು ಅಲ್ಲಿಡಬೇಕೋ, ಊರಿನ ವ್ಯಾಪಾರಿಯ ಮುಂದೆ ಈಗಾಗಲೇ ಇಟ್ಟಿರುವುದನ್ನು ಉಳಿಸಿಕೊಳ್ಳಬೇಕೋ? ಇಂಥ ಲೆಕ್ಕ ಹಾಕುತ್ತಾ ಹಾಕುತ್ತಾ ದ್ವೀಪದ ಭೂಗೋಳ ತಾನಾಗಿಯೇ ತಲೆಯಲ್ಲಿ ಕೂರುತ್ತದೆ. ಯಾವ ಕೋಟೆ ಯಾವ ದೇಗುಲಕ್ಕೆ ಹತ್ತಿರ, ಎಲ್ಲಿ ನಿಂತು ಯಾವ ಮಂತ್ರ ಹೇಳಿದರೆ ಎಲ್ಲಿ ಬೀಳುತ್ತೇವೆ ಎಂಬುದು ನಮ್ಮ ಬಸ್ ನಿಲ್ದಾಣಗಳ ಹಾಗೆ ಗೊತ್ತಿರುತ್ತದೆ.

ಇದರ ಮೇಲೆ ಮಂತ್ರ ಕಟ್ಟುವ ಕಲೆ. ಈ ಸರಣಿಗೆ ಇದು ಹೊಸದಲ್ಲ. 1994ರ ಅರೀನಾದಲ್ಲೂ 1996ರ ಡ್ಯಾಗರ್‌ಫಾಲ್‌ನಲ್ಲೂ ಇತ್ತು. ನಿಮಗೆ ಗೊತ್ತಿರುವ ಮಂತ್ರಗಳಿಂದ ಪರಿಣಾಮಗಳನ್ನು ಬಿಡಿಸಿಕೊಂಡು, ಎಷ್ಟು ತೀವ್ರತೆ, ಎಷ್ಟು ಸೆಕೆಂಡು, ಎಷ್ಟು ಅಗಲ, ತನ್ನ ಮೇಲೋ ಮುಟ್ಟಿದವರ ಮೇಲೋ ದೂರದವರ ಮೇಲೋ ಎಂದು ನಿರ್ಧರಿಸಿ, ಗಿಲ್ಡ್‌ನ ಮಂತ್ರಕಾರನಿಗೆ ದುಡ್ಡು ತೆತ್ತರೆ ನಿಮ್ಮದೇ ಮಂತ್ರ ಸಿದ್ಧ. ಹೆಸರೂ ನೀವೇ ಇಡಬಹುದು. ಉದಾಹರಣೆಗೆ ನೆಗೆತದ ಮಂತ್ರ. ಅದರ ಬಲ ಬೇಕಿರುವುದು ಕಾಲು ನೆಲ ಬಿಡುವ ಗಳಿಗೆಯಲ್ಲಿ ಮಾತ್ರ. ಆದ್ದರಿಂದ ಅವಧಿ ಒಂದು ಸೆಕೆಂಡಾದರೆ ಸಾಕು, ಉಳಿದ ವೆಚ್ಚವನ್ನೆಲ್ಲ ತೀವ್ರತೆಗೆ ಸುರಿಯಬಹುದು. ಅದರ ಜೊತೆಗೆ ನಿಧಾನ ಬೀಳುವ ಪರಿಣಾಮವನ್ನು ಸಣ್ಣ ಪ್ರಮಾಣದಲ್ಲಿ, ದೀರ್ಘ ಅವಧಿಗೆ ಸೇರಿಸಿಕೊಂಡರೆ ಬೆಟ್ಟ ಹಾರಿ ಆಚೆ ಕಡೆ ಮೆತ್ತಗೆ ಇಳಿಯಬಹುದು. ಈ ಉಪಾಯವನ್ನು ಆಟ ಎಲ್ಲೂ ಹೇಳಿಕೊಡುವುದಿಲ್ಲ. ನಿಯಮಗಳನ್ನು ಮುಂದಿಟ್ಟು ಸುಮ್ಮನಾಗುತ್ತದೆ.

ಇದಕ್ಕಿಂತ ಒಳ್ಳೆಯ ನಿದರ್ಶನ ಬೂಟುಗಳದ್ದು. ಕಾಲ್ಡೆರಾ ಊರಿನ ಹತ್ತಿರ ದಾರಿಯಲ್ಲಿ ಪೆಮೆನೀ ಎಂಬ ವ್ಯಾಪಾರಿ ಹೆಂಗಸು ಸಿಗುತ್ತಾಳೆ. ನನ್ನನ್ನು ಜೋಪಾನವಾಗಿ ಊರು ಮುಟ್ಟಿಸಿದರೆ ಒಂದು ಜೊತೆ ಮಾಯಾ ಬೂಟು ಕೊಡುತ್ತೇನೆ ಎನ್ನುತ್ತಾಳೆ. ಮುಟ್ಟಿಸಿ, ಬೂಟು ಪಡೆದು, ಹಾಕಿಕೊಂಡರೆ ಪರದೆ ಪೂರ್ತಿ ಕಪ್ಪು. ವೇಗಕ್ಕೆ 200 ಅಂಶ ಸೇರಿಸುವ ಬೂಟು ಕಣ್ಣನ್ನು ನೂರಕ್ಕೆ ನೂರು ಕಿತ್ತುಕೊಳ್ಳುತ್ತದೆ. ಮೋಸ ಹೋದೆ ಎಂದು ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ಆದರೆ ಕುರುಡು ಎಂಬುದು ಈ ಆಟದಲ್ಲಿ ಒಂದು ಮಾಂತ್ರಿಕ ಪರಿಣಾಮ, ಮಾಂತ್ರಿಕ ಪರಿಣಾಮಗಳನ್ನು ತಡೆಯುವ ಮಂತ್ರವೂ ಇದೆ. ಆ ತಡೆಯನ್ನು ಲೆಕ್ಕ ಹಾಕುವುದು ಬೂಟು ಹಾಕಿಕೊಳ್ಳುವ ಕ್ಷಣದಲ್ಲಿ ಮಾತ್ರ. ಹಾಗಾದರೆ ನೂರು ಪ್ರತಿಶತ ತಡೆಯನ್ನು ಅತ್ಯಲ್ಪ ಅವಧಿಗೆ ಕಟ್ಟಿಕೊಂಡು, ಪಠಿಸಿ, ಅದು ಆರುವ ಮುನ್ನ ಬೂಟು ತೊಟ್ಟರೆ? ವೇಗ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ. ಹುಟ್ಟಿನಿಂದಲೇ ಮಂತ್ರಕ್ಕೆ ಅರ್ಧ ತಡೆಯಿರುವ ಬ್ರೆಟನ್ ಜನಾಂಗದವರಿಗೆ ಏನೂ ಮಾಡದಿದ್ದರೂ ಅರ್ಧ ದೃಷ್ಟಿ ಉಳಿದಿರುತ್ತದೆ. ಯಾರೋ ಬರೆದಿಟ್ಟ ಒಗಟನ್ನು ಬಿಡಿಸಿದ ಖುಷಿಯಲ್ಲ ಇದು. ಆ ಜಗತ್ತಿನ ಭೌತವಿಜ್ಞಾನವನ್ನು ಓದಿಕೊಂಡು ಅದರ ಪ್ರಕಾರ ನಡೆದುಕೊಂಡ ಖುಷಿ.

ಹದ ತಪ್ಪುವುದೂ ಇದೇ ಬಾಗಿಲಿನಿಂದ. ಬುದ್ಧಿಶಕ್ತಿ ಹೆಚ್ಚಿದ್ದಷ್ಟೂ ಕಷಾಯಗಳು ಪ್ರಬಲವಾಗುತ್ತವೆ. ಬುದ್ಧಿಶಕ್ತಿಯನ್ನೇ ಹೆಚ್ಚಿಸುವ ಕಷಾಯವೂ ಇದೆ. ಆಶ್ ಯಾಮ್ ಎಂಬ ಗೆಡ್ಡೆ ಮತ್ತು ಬ್ಲೋಟ್ ಎಂಬ ಇನ್ನೊಂದು ವಸ್ತು, ಇವೆರಡನ್ನು ಕುಟ್ಟಿದರಾಯಿತು. ಕುಡಿದು ಕುದಿಸಿ, ಮತ್ತೆ ಕುಡಿದು ಕುದಿಸಿ, ಸ್ವಲ್ಪ ಹೊತ್ತಿನಲ್ಲಿ ಅಂಕಿಗಳು ಅರ್ಥ ಕಳೆದುಕೊಳ್ಳುತ್ತವೆ. ಇನ್ನೊಂದು ಚೇಷ್ಟೆ ನನಗೆ ಇದಕ್ಕಿಂತ ಪ್ರಿಯ. ಗುರುವಿನ ಬಳಿ ಪಾಠ ಹೇಳಿಸಿಕೊಳ್ಳುವ ಶುಲ್ಕ ನಿಮ್ಮ ಈಗಿನ ಕೌಶಲವನ್ನು ಅವಲಂಬಿಸಿದೆ. ಹಾಗಾಗಿ ನಿಮ್ಮ ಕೌಶಲವನ್ನು ನೀವೇ ಮಂತ್ರದಿಂದ ಕ್ಷಣಕಾಲ ಪಾತಾಳಕ್ಕಿಳಿಸಿಕೊಂಡು ಗುರುವನ್ನು ಮಾತಾಡಿಸಿದರೆ ಆತ ಒಂದನೇ ತರಗತಿಯ ಶುಲ್ಕದಲ್ಲಿ ಪಂಡಿತನಿಗೆ ಪಾಠ ಹೇಳುತ್ತಾನೆ. ಕಥೆಯ ಕೊನೆಯಲ್ಲಿ ಬರುವ ಕೀನಿಂಗ್ ಎಂಬ ಆಯುಧವನ್ನು ರೇತ್‌ಗಾರ್ಡ್ ಎಂಬ ಕೈಗವಸಿಲ್ಲದೆ ಹಿಡಿದವರು ಸಾಯುತ್ತಾರೆ ಎಂದು ಎಲ್ಲರೂ ಎಚ್ಚರಿಸುತ್ತಾರೆ. ಆ ಸಾವೂ ಕೂಡ ಕ್ಷಣಕ್ಷಣಕ್ಕೆ ಕಳೆಯುವ ಒಂದು ಅಂಕಿ ಮಾತ್ರ. ಸಾಕಷ್ಟು ಆರೋಗ್ಯ ತುಂಬಿಕೊಂಡವನು ಬರಿಗೈಯಲ್ಲೇ ಹಿಡಿದು ಕೆಲಸ ಮುಗಿಸಬಹುದು. ದಿನಗಟ್ಟಲೆಯ ಈ ಆಟವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುವ ಸ್ಪೀಡ್‌ರನ್ ಪಟುಗಳು ಮಾಡುವುದು ಹೀಗೆಯೇ.

ಇದನ್ನೆಲ್ಲ ದೋಷವೆನ್ನಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬನೇ ಆಡುವ ಆಟ, ಯಾರನ್ನೂ ಸೋಲಿಸಬೇಕಾಗಿಲ್ಲ, ಬೇಡವಾದರೆ ಕಷಾಯ ಕುದಿಸದಿದ್ದರಾಯಿತು. ಅದಕ್ಕೂ ಮಿಗಿಲಾಗಿ ಕಥೆ, ಅಂಗಡಿ, ಗುರು, ಸಾವು ಎಲ್ಲವೂ ಒಂದೇ ನಿಯಮಕ್ಕೆ ತಲೆಬಾಗುವ ಜಗತ್ತು ಗೇಮುಗಳಲ್ಲಿ ಅಪರೂಪ. ಮುಖ್ಯ ಕಥೆಯ ಪಾತ್ರವನ್ನು ಕೊಂದರೂ ಮಾರೋವಿಂಡ್ ನಿಮ್ಮನ್ನು ತಡೆಯುವುದಿಲ್ಲ. ಹಳೆಯ ಸೇವ್‌ಗೆ ಮರಳು, ಇಲ್ಲವೇ ನೀನೇ ಕೆಡಿಸಿದ ಜಗತ್ತಿನಲ್ಲಿ ಬಾಳು ಎಂದು ತಿಳಿಸಿ ದಾರಿ ಬಿಡುತ್ತದೆ. ಮಂತ್ರಗಳ ವಿಷಯದಲ್ಲೂ ಅದೇ ನಿಲುವು.

ನಿಜವಾದ ದೋಷಗಳು ಬೇರೆ ಕಡೆ ಇವೆ. ಮೊದಲ ಕೆಲವು ಗಂಟೆಗಳು ಮಂತ್ರವಾದಿಯ ಪಾಲಿಗೆ ಶಿಕ್ಷೆ ಎಂಬ ಮಾತಿನಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಅರ್ಧ ಸತ್ಯ. ಮಂತ್ರ ಫಲಿಸುವ ಸಾಧ್ಯತೆಯನ್ನು ಆಟ ಹೀಗೆ ಲೆಕ್ಕ ಹಾಕುತ್ತದೆ: ಆ ಶಾಖೆಯ ಕೌಶಲದ ಎರಡರಷ್ಟು, ಇಚ್ಛಾಶಕ್ತಿಯ ಐದನೇ ಒಂದು ಭಾಗ, ಅದೃಷ್ಟದ ಹತ್ತನೇ ಒಂದು ಭಾಗ, ಇವನ್ನು ಕೂಡಿಸಿ ಮಂತ್ರದ ವೆಚ್ಚವನ್ನು ಕಳೆಯುವುದು. ಬಂದದ್ದನ್ನು ದಣಿವಿನಿಂದ ಗುಣಿಸುವುದು. ಪೂರ್ತಿ ಸುಧಾರಿಸಿಕೊಂಡವನಿಗೆ 1.25, ಪೂರ್ತಿ ದಣಿದವನಿಗೆ 0.75. ಓಡುತ್ತಾ ಬಂದು ಏದುಸಿರಿನಲ್ಲೇ ಮಂತ್ರ ಹೇಳಿದರೆ ತೊದಲುತ್ತೀರಿ, ನಿಂತು ಉಸಿರು ತಿರುಗಿಸಿಕೊಂಡು ಹೇಳಿದರೆ ಫಲಿಸುತ್ತದೆ. ಇದು ನನಗೆ ತುಂಬ ಇಷ್ಟವಾದ ನಿಯಮ. ಆದರೆ ಆಟಗಾರನಿಗೆ ಕಾಣುವುದು ಪುಸ್ಸೆಂದು ಆರಿಹೋಗುವ ಒಂದು ಸದ್ದು ಮತ್ತು ಖರ್ಚಾಗಿಹೋದ ಮ್ಯಾಜಿಕಾ, ಅಂದರೆ ಮಂತ್ರ ಹೇಳಲು ಬೇಕಾದ ಶಕ್ತಿ. ಫಲಿಸದಿದ್ದರೂ ವೆಚ್ಚ ಪೂರ್ತಿ ವಸೂಲಾಗುತ್ತದೆ. ದಣಿವಿಗೂ ಸೋಲಿಗೂ ಇರುವ ನಂಟನ್ನು ಆಟ ಕಣ್ಣಿಗೆ ಕಾಣುವಂತೆ ಮಾಡಿದ್ದರೆ ಇಷ್ಟು ಜನ ಆರಂಭದಲ್ಲೇ ಸಿಗುವ ಬಾಲ್ಮೋರಾ ಊರನ್ನು ದಾಟುವ ಮುನ್ನವೇ ಕೋಲು ಎಸೆದು ಕತ್ತಿ ಹಿಡಿಯುತ್ತಿರಲಿಲ್ಲ.

ಕಲಿಕೆಯ ಕ್ರಮ ಇನ್ನೂ ಮಂದ. ಫಲಿಸಿದ ಪ್ರತಿಯೊಂದು ಮಂತ್ರಕ್ಕೂ ಕೌಶಲ ಏರುವುದು ಒಂದೇ ಅಳತೆಯಲ್ಲಿ. ಪ್ರಾಣಾಪಾಯದಲ್ಲಿ ಹೇಳಿದ ಮಹಾಮಂತ್ರಕ್ಕೂ, ಕೋಣೆಯಲ್ಲಿ ಗೋಡೆ ನೋಡುತ್ತಾ ಹೇಳಿದ ಚಿಲ್ಲರೆ ಮಂತ್ರಕ್ಕೂ ವ್ಯತ್ಯಾಸವಿಲ್ಲ. ಹಾಗಾಗಿ ಜಾಣನಾದವನು ಅತಿ ಅಗ್ಗದ ಮಂತ್ರವೊಂದನ್ನು ಕಟ್ಟಿಸಿಕೊಂಡು ಜಪಕ್ಕೆ ಕೂರುತ್ತಾನೆ. ಜಪದಿಂದ ಸಿದ್ಧಿ ಎಂಬುದು ನಮಗೇನೂ ಹೊಸ ವಿಚಾರವಲ್ಲ ನಿಜ, ಆದರೆ ಮೌಸ್ ಒತ್ತುವುದು ತಪಸ್ಸಲ್ಲ.

ಮ್ಯಾಜಿಕಾ ತಾನಾಗಿ ತುಂಬುವುದಿಲ್ಲ. ವಿಶ್ರಮಿಸಬೇಕು ಅಥವಾ ಕಷಾಯ ಕುಡಿಯಬೇಕು. ಕೇಳಲು ಚೆನ್ನಾಗಿದೆ: ಶಕ್ತಿ ವಿರಳ, ಎಣಿಸಿ ಖರ್ಚು ಮಾಡು. ಆದರೆ ವಿಶ್ರಾಂತಿಗೆ ಬೆಲೆಯೇ ಇಲ್ಲ. ಊರೊಳಗೆ ಸಿಕ್ಕಸಿಕ್ಕಲ್ಲಿ ಮಲಗುವಂತಿಲ್ಲ, ಕಾಡಿನಲ್ಲಿ ಮಲಗಿದರೆ ಒಮ್ಮೊಮ್ಮೆ ಯಾವುದೋ ಪ್ರಾಣಿ ಬಂದು ಎಬ್ಬಿಸುತ್ತದೆ, ಅದು ಬಿಟ್ಟರೆ ಅಡ್ಡಿಯಿಲ್ಲ. ಜಗತ್ತು ಮುಳುಗುತ್ತಿದೆ, ರೆಡ್ ಮೌಂಟನ್‌ನಿಂದ ವ್ಯಾಧಿಯ ಗಾಳಿ ಬೀಸುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಯಾರಿಗೂ ಆತುರವಿಲ್ಲ. ನೀವು ಒಂದು ವಾರ ಮಲಗಿ ಎದ್ದರೂ ಎಲ್ಲರೂ ನಿಂತಲ್ಲೇ ನಿಂತಿರುತ್ತಾರೆ. ಹಾಗಾಗಿ ಮ್ಯಾಜಿಕಾದ ಕೊರತೆ ಕೇವಲ ತಾಳ್ಮೆಯ ಕೊರತೆಯಾಗಿ ಉಳಿಯುತ್ತದೆ. ಅಟ್ರೋನಾಕ್ ಎಂಬ ಜನ್ಮರಾಶಿ ಆರಿಸಿಕೊಂಡವರಿಗೆ ಮಾತ್ರ ಬೇರೆ ಕಥೆ. ಅವರಿಗೆ ಮಲಗಿದರೂ ಮ್ಯಾಜಿಕಾ ಬರುವುದಿಲ್ಲ, ಬದಲಿಗೆ ಮೈಮೇಲೆ ಬಂದ ಮಂತ್ರಗಳಲ್ಲಿ ಅರ್ಧದಷ್ಟನ್ನು ನುಂಗಿಕೊಳ್ಳಬಲ್ಲರು. ಶತ್ರುವಿನ ಮಂತ್ರಕ್ಕೆ ಎದೆಯೊಡ್ಡಿ ಹೊಟ್ಟೆ ತುಂಬಿಸಿಕೊಳ್ಳುವ ಮಂತ್ರವಾದಿ! ಎಲ್ಲರಿಗೂ ಇಂಥದ್ದೊಂದು ನಿರ್ಬಂಧ ಇರಬೇಕಿತ್ತು. ನಾನಂತೂ ಬೇರೆ ರಾಶಿಯನ್ನು ಆರಿಸುವುದನ್ನೇ ಬಿಟ್ಟಿದ್ದೇನೆ.

ಇವಕ್ಕಿಂತ ದೊಡ್ಡ ದೋಷ ಉಂಗುರಗಳದ್ದು. ಮಂತ್ರವನ್ನು ಯಾವುದಾದರೂ ಒಡವೆಗೆ ಬೆಸೆದರೆ ಆ ಒಡವೆಯಿಂದ ಹೊರಡುವ ಮಂತ್ರ ಎಂದೂ ಹುಸಿಯಾಗುವುದಿಲ್ಲ, ಮ್ಯಾಜಿಕಾ ಕೇಳುವುದಿಲ್ಲ, ಕೈ ಬೀಸುವ ಹೊತ್ತೂ ಬೇಕಿಲ್ಲ. ಖಾಲಿಯಾದ ಒಡವೆ ಕಾಲಕ್ರಮದಲ್ಲಿ ತಾನೇ ತುಂಬಿಕೊಳ್ಳುತ್ತದೆ. ಅಂದರೆ ಕೈತುಂಬ ಉಂಗುರ ಕೊಂಡ ಒಬ್ಬ ಒರಟು ಯೋಧ, ವರ್ಷಗಟ್ಟಲೆ ಓದಿದ ಮಂತ್ರವಾದಿಗಿಂತ ಒಳ್ಳೆಯ ಮಂತ್ರವಾದಿ. ಗೋಲ್ಡನ್ ಸೇಂಟ್‌ನಂಥ ದೊಡ್ಡ ಜೀವಿಯ ಆತ್ಮವನ್ನು ರತ್ನದಲ್ಲಿ ಸೆರೆಹಿಡಿದು ಬೆಸೆದರಂತೂ ಪರಿಣಾಮ ಸದಾಕಾಲ ಮೈಮೇಲೇ ಇರುತ್ತದೆ. ಕಷಾಯದ ಚೇಷ್ಟೆ ಬೇಕಾದವರಿಗೆ ಮಾತ್ರ. ಇದು ಹಾಗಲ್ಲ, ದಾರಿಯಲ್ಲಿ ಎಡವಿದರೂ ಒಂದು ಮಾಯಾ ಉಂಗುರ ಸಿಗುತ್ತದೆ. ವಿದ್ಯೆಯನ್ನು ಕಲಿತವನಿಗಿಂತ ಕೊಂಡವನನ್ನು ಮೇಲೆ ಕೂರಿಸಿದ್ದು ಮಂತ್ರವಿದ್ಯೆಗೆ ಆದ ಅವಮಾನವೆಂದೇ ನನ್ನ ಭಾವನೆ.

ಇಷ್ಟಾದರೂ ಇವೆಲ್ಲ ಲೆಕ್ಕಾಚಾರದ ತಪ್ಪುಗಳು, ಒಂದೆರಡು ಅಂಕಿ ತಿದ್ದಿದರೆ ಸರಿಹೋಗುವಂಥವು. ಅಂಕಿ ತಿದ್ದಿದರೂ ಹೋಗದ್ದು ಇನ್ನೊಂದಿದೆ. ದ್ವೀಪದ ಕಟ್ಟಡಗಳಿಗೆ ಮಂತ್ರ ಗೊತ್ತು, ದ್ವೀಪದ ಜನಕ್ಕೆ ಗೊತ್ತಿಲ್ಲ. ಹಾರುವವರಿಗಾಗಿ ಮನೆ ಕಟ್ಟಿಕೊಂಡ ಟೆಲ್ವಾನಿ ಯಜಮಾನನೇ ಕಾದಾಟಕ್ಕಿಳಿದರೆ ಹಾರುವುದಿಲ್ಲ. ನೀವು ಎರಡಾಳು ಎತ್ತರಕ್ಕೆ ಏರಿ ನಿಂತರೆ ಗದೆ ಹಿಡಿದವನು ಕೆಳಗೆ ಸುತ್ತು ಹಾಕುತ್ತಾನೆ. ಬಿಲ್ಲೋ ಮಂತ್ರವೋ ಇದ್ದವನು ಮಾತ್ರ ಏನಾದರೂ ಮಾಡಿಯಾನು. ಯಾವ ಕಳ್ಳನೂ ಮಾರ್ಕ್ ಇಟ್ಟುಕೊಂಡು ಕದ್ದು ರೀಕಾಲ್ ಹೇಳಿ ಮಾಯವಾಗುವುದಿಲ್ಲ. ಯಾವ ವ್ಯಾಪಾರಿಯೂ ಕಷಾಯ ಕುಡಿದು ನಿಮಗಿಂತ ಚೆನ್ನಾಗಿ ಚೌಕಾಸಿ ಮಾಡುವುದಿಲ್ಲ. ಇಷ್ಟು ಶ್ರೀಮಂತವಾದ ವಿದ್ಯೆ ಇರುವ ನಾಡಿನಲ್ಲಿ ಅದನ್ನು ಕಲ್ಪನೆಯಿಂದ ಬಳಸುವವರು ನೀವೊಬ್ಬರೇ.

ಅಲ್ಲ, ಇನ್ನೊಬ್ಬನಿದ್ದ. ಮೊದಲ ಊರಾದ ಸೀಡಾ ನೀನ್‌ನಿಂದ ಹೊರಟು ಸ್ವಲ್ಪ ನಡೆದರೆ ಆಕಾಶದಿಂದ ಅರಚುತ್ತಾ ಒಬ್ಬ ಬಂದು ಬೀಳುತ್ತಾನೆ. ಹೆಸರು ಟಾರ್ಹೀಲ್. ಮೈಮೇಲೆ ಒಂದು ದಿನಚರಿ ಮತ್ತು ಅವನೇ ತಯಾರಿಸಿದ ಇಕೇರಿಯನ್ ಫ್ಲೈಟ್ ಸುರುಳಿಗಳು: ನೆಗೆಯುವ ಕೌಶಲಕ್ಕೆ 1000 ಅಂಶ, ಏಳು ಸೆಕೆಂಡು ಮಾತ್ರ. ಮಾರೋವಿಂಡ್ ಬಗ್ಗೆ ಬರೆಯುವವರೆಲ್ಲ ಇದನ್ನು ತಮಾಷೆಯಾಗಿ ನೆನೆಯುತ್ತಾರೆ. ನನಗೆ ಕಾಣುವುದು ಬೇರೆ. ನಾವು ಮಂತ್ರಕಾರನ ಮುಂದೆ ಕುಳಿತು ತೀವ್ರತೆ ಏರಿಸಿ ಅವಧಿ ಇಳಿಸುವ ಲೆಕ್ಕವನ್ನೇ ಅವನೂ ಹಾಕಿದ್ದಾನೆ. ಇಳಿಯುವಾಗ ಏನು ಮಾಡುವುದೆಂಬುದನ್ನು ಬಿಟ್ಟಿದ್ದಾನೆ. ಬಿದ್ದವನ ಜೇಬಿನ ಸುರುಳಿ ಓದಿ ನೆಗೆದ ಆಟಗಾರನಿಗೂ ಅದೇ ಗತಿ, ನೆಲ ಮುಟ್ಟುವ ಮುನ್ನ ಇನ್ನೊಂದು ಸುರುಳಿ ಓದಿದರೆ ಮಾತ್ರ ಬದುಕು. ಆಟ ನಡೆಯುವ ದಾರಿಯಲ್ಲೇ, ಯಾವ ಉಪದೇಶವೂ ಇಲ್ಲದೆ, ಮಂತ್ರ ಕಟ್ಟುವ ಪಾಠ ಇದು. ಇಂಥ ಪ್ರಯೋಗಶೀಲರು ದ್ವೀಪದ ತುಂಬ ಇದ್ದಿದ್ದರೆ!

ಜಗತ್ತು ತಿರುಗಿ ಉತ್ತರ ಕೊಡುವ ಒಂದು ಸಂದರ್ಭ ಮಾತ್ರ ಇದೆ, ಅದು ಪ್ರತಿಫಲನ. ಡೇಡ್ರಾ ಎಂಬ ಅನ್ಯಲೋಕದ ಜೀವಿಗಳಲ್ಲಿ ಕೆಲವು ಬಂದ ಮಂತ್ರವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಬಲ್ಲವು. ಒಂದೇ ಏಟಿಗೆ ಎಂಥವನನ್ನೂ ಕೆಡವುವ ಮಂತ್ರ ಕಟ್ಟಿಕೊಂಡು ಬೀಗಿದವನು ತನ್ನದೇ ಮಂತ್ರಕ್ಕೆ ತಾನೇ ಬಲಿಯಾಗುತ್ತಾನೆ. ಅಂಥ ಎದುರಾಳಿ ಮುಂದಿದ್ದಾಗ ಮಾತ್ರ ನಾನು ಕಟ್ಟಿದ್ದು ಏನು ಎಂದು ಮತ್ತೊಮ್ಮೆ ಯೋಚಿಸುವಂತಾಗುತ್ತದೆ.

ಮುಂದೆ ಬೆಥೆಸ್ಡಾ ಏನು ಮಾಡಿತು? ಮಾರೋವಿಂಡ್ ಹೊರಬಂದ ವರ್ಷವೇ ಬಂದ ಟ್ರಿಬ್ಯೂನಲ್ ವಿಸ್ತರಣೆಯ ಮೋರ್ನ್‌ಹೋಲ್ಡ್ ನಗರದಲ್ಲೇ ಹಾರುವುದಕ್ಕೆ ನಿಷೇಧ ಬಿತ್ತು. ಸರಣಿಯ ಮುಂದಿನ ಆಟವಾದ 2006ರ ಆಬ್ಲಿವಿಯನ್‌ನಲ್ಲಿ ನಗರಗಳು ಗೋಡೆಯೊಳಗಿನ ಪ್ರತ್ಯೇಕ ಜಗತ್ತುಗಳಾದವು. ಗೋಡೆ ಹಾರಿದರೆ ಒಳಗೆ ನಿಜವಾದ ನಗರವಿಲ್ಲ, ಹಾಗಾಗಿ ಹಾರುವ ಮಂತ್ರವನ್ನೇ ತೆಗೆದುಹಾಕಿ, ಅದಕ್ಕೊಂದು ಸರಕಾರಿ ಕಾಯಿದೆಯ ನೆಪವನ್ನು ಕಥೆಯಲ್ಲಿ ತಂದರು. ಮಾರ್ಕ್, ರೀಕಾಲ್, ನೆಗೆತವೂ ಹೋದವು, ಮಂತ್ರ ಕಟ್ಟುವುದು ಉಳಿಯಿತು. 2011ರ ಸ್ಕೈರಿಮ್‌ನಲ್ಲಿ ಅದೂ ಹೋಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು. ಎರಡು ಕೈಗಳಿಗೆ ಎರಡು ಮಂತ್ರ, ಕಿಡಿ ಸಿಡಿಯುವ ಬೆರಳುಗಳು, ನೋಡಲು ಸ್ಕೈರಿಮ್‌ನ ಮಂತ್ರಗಳು ನಿಜಕ್ಕೂ ಮೇಲು. ಆದರೆ ಹೇಳಿಕೊಳ್ಳುವ ಹದ ಅಲ್ಲೂ ಬರಲಿಲ್ಲ. ಕೌಶಲ ಏರಿದರೆ ಮಂತ್ರದ ವೆಚ್ಚ ಇಳಿಯುತ್ತದೆಯೇ ಹೊರತು ಏಟಿನ ಬಲ ಏರುವುದಿಲ್ಲ. ಆದ್ದರಿಂದ ಕೊನೆಕೊನೆಗೆ ವಿನಾಶಮಂತ್ರ ಸೊರಗುತ್ತದೆ. ವೆಚ್ಚವನ್ನು ತಲಾ ಕಾಲು ಭಾಗ ಇಳಿಸುವ ನಾಲ್ಕು ಉಡುಗೆ ತೊಟ್ಟರೆ ಅದೇ ಮಂತ್ರ ಪೂರ್ತಿ ಉಚಿತ. ಮ್ಯಾಜಿಕಾ ತಾನಾಗಿ ತುಂಬುತ್ತದೆ, ಅದಕ್ಕಾಗಿ ಕಂಬದ ಹಿಂದೆ ಅವಿತು ಕಾಯುವುದೇ ಮಂತ್ರವಾದಿಯ ಯುದ್ಧತಂತ್ರ. ಹಳೆಯ ದೋಷಗಳು ವೇಷ ಬದಲಿಸಿ ಉಳಿದುಕೊಂಡವು, ಹಳೆಯ ಗುಣಗಳು ಮಾತ್ರ ಹೋದವು. 2025ರ ಏಪ್ರಿಲ್‌ನಲ್ಲಿ ಆಬ್ಲಿವಿಯನ್ ಹೊಸ ರೂಪದಲ್ಲಿ ಬಂದಾಗ ಮಂತ್ರ ಕಟ್ಟುವ ಪೀಠ ಮತ್ತೆ ಕಾಣಿಸಿಕೊಂಡಿತು. ಆದರೂ ನೆಲ ಬಿಟ್ಟು ಏಳುವಂತಿಲ್ಲ.

ಈಗ ನಾನು ಮಾರೋವಿಂಡ್ ಆಡುವುದು ಓಪನ್‌ಎಂಡಬ್ಲ್ಯೂ ಎಂಬ ಮುಕ್ತ ತಂತ್ರಾಂಶದಲ್ಲಿ, ಆಟದ ಇಂಜಿನ್ನನ್ನು ಉತ್ಸಾಹಿಗಳು ಮೊದಲಿನಿಂದ ಬರೆದಿರುವಂಥದ್ದು. ಅದರ ಸೆಟ್ಟಿಂಗ್ಸ್‌ನಲ್ಲಿ ಒಂದು ಪುಟ್ಟ ಆಯ್ಕೆಯಿದೆ: ಮಾಯಾವಸ್ತುಗಳಿಂದ ಮಂತ್ರ ಹೊರಡಿಸುವಾಗಲೂ ಮಂತ್ರವಾದಿಯ ಹಾಗೆಯೇ ಕೈ ಬೀಸಬೇಕು ಎಂಬುದು. ಉಂಗುರ ಆಗಲೂ ಹುಸಿಹೋಗುವುದಿಲ್ಲ, ಮ್ಯಾಜಿಕಾ ಕೇಳುವುದಿಲ್ಲ. ಕೈ ಬೀಸುವ ಆ ಒಂದು ಕ್ಷಣ ಮಾತ್ರ ಕೊಂಡವನೂ ಕಲಿತವನ ಹಾಗೆಯೇ ಏಟಿಗೆ ಸಿಗುತ್ತಾನೆ. ಅದನ್ನು ನಾನು ಸದಾ ಆನ್ ಮಾಡಿಟ್ಟಿರುತ್ತೇನೆ.